ಮೊದಲು ಡೀಸೆಲ್ ನೋಡು

ನಮ್ಮ ಶೆಡ್ಡಿನ ಗೋಡೆಯ ಮೇಲೆ ಅಪ್ಪ ತಾನೇ ಬ್ರಷ್ ಹಿಡಿದು ಬರೆದ ಮೂರು ಪದಗಳಿವೆ: ಮೊದಲು ಡೀಸೆಲ್ ನೋಡು. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಲಾರಿಯ ಎಂಜಿನ್ನನ್ನು ಇಡೀ ದಿನ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಮೇಲೆ ಅದರ ಟ್ಯಾಂಕಿನಲ್ಲಿ ಡೀಸೆಲ್ಲೇ ಇಲ್ಲವೆಂದು ಕಂಡುಹಿಡಿದಾಗ ಹುಟ್ಟಿದ ಜ್ಞಾನ ಅದು. ಬೇರೆಯವರಾಗಿದ್ದರೆ ಆ ವಿಷಯ ಯಾರ ಕಿವಿಗೂ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಅಪ್ಪ ಅದನ್ನು ಸಿದ್ಧಾಂತ ಮಾಡಿ ಗೋಡೆಗೆ ಬರೆದ.

ಅಂದಿನಿಂದ ನಮ್ಮ ಗೇಟಿನೊಳಗೆ ಯಾವ ಗಾಡಿ ಬಂದರೂ ಮೊದಲು ಅಪ್ಪ ಅದರ ಟ್ಯಾಂಕಿನ ಮುಚ್ಚಳ ತೆಗೆಯುತ್ತಾನೆ, ಬಗ್ಗಿ ಮುಖ ಕೊಟ್ಟು ಒಳಗೆ ನೋಡುತ್ತಾನೆ, ತೃಪ್ತಿಯಿಂದ ತಲೆಯಾಡಿಸಿ ಮುಚ್ಚುತ್ತಾನೆ. ಆಮೇಲೆಯೇ ಮುಂದಿನ ಮಾತು. ಪಂಕ್ಚರ್ ಆಗಿ ಬಂದ ಗಾಡಿಗೂ ಮೊದಲು ಡೀಸೆಲ್ ನೋಡುವ ವರ್ಕ್‌ಶಾಪು ನಮ್ಮದೊಂದೇ ಇರಬೇಕು. ಆ ಮುಚ್ಚಳವನ್ನು ಬೇರೆಯವರು ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ನಾನು ಮುಂದೆ ನಿಂತು, ಬೇರೇನೂ ಕೇಳಿಸದ ಎಂಜಿನ್ನಿನ ಗದ್ದಲದಲ್ಲಿ ಬಾನೆಟ್ ಎತ್ತಿ ಹಿಡಿದಿರಬೇಕು. ಎಂಜಿನ್ ಆರಿಸಬಾರದು, ಏಕೆಂದರೆ ಎರಡನೇ ಶಾಸ್ತ್ರ ಇನ್ನೂ ಬಾಕಿ ಇರುತ್ತದೆ.

ಎರಡನೇ ಶಾಸ್ತ್ರದಿಂದಲೇ ಅಪ್ಪನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಂದಿದ್ದು. ಮೊಳದುದ್ದದ, ಮರದ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. "ಮೂರನೇ ಇಂಜೆಕ್ಟರ್ ಕೆಮ್ತಾ ಇದೆ" ಅನ್ನುತ್ತಾನೆ. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತದೆ. ಇದು ನನಗೆ ಹದಿನಾಲ್ಕು ವರ್ಷದಿಂದ ಹೊಟ್ಟೆ ಉರಿಸುತ್ತಿರುವ ವಿಷಯ. ಕೇಳುವುದು ಅವನ ಕೆಲಸ, ಬಿಚ್ಚುವುದು ನನ್ನ ಕೆಲಸ. ಹೆಸರು ಅವನಿಗೆ, ಉಗುರಿನ ಸಂದಿಯ ಗ್ರೀಸು ನನಗೆ.

ಈಚೆಗೆ ಅಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ತೂತಿನಿಂದ ಕಿವಿಯ ಹಿಂದಿನ ಮೂಳೆಗೆ ವರ್ಗಾಯಿಸಿದ್ದ. ಯಾಕೆಂದು ಕೇಳಿದ್ದಕ್ಕೆ, "ಅನುಭವ ಆದ್ಮೇಲೆ ತೂತೇ ಬೇಕು ಅಂತಿಲ್ಲ" ಅಂದ. ಮನೆಯಲ್ಲಿ ಟೀವಿಯ ವಾರ್ತೆ ಬೀದಿಯ ಕೊನೆಯವರೆಗೂ ಉಚಿತವಾಗಿ ಸಿಗುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲವೆಂದು ಬೈದು ವರ್ಷದಲ್ಲಿ ಮೂರು ಫೋನು ಬದಲಾಯಿಸಿದ್ದ. ಅಮ್ಮನನ್ನು ಕೇಳಿದರೆ, "ನಲವತ್ತು ವರ್ಷದಿಂದ ನನ್ನ ಮಾತು ಕಿವಿ ಮೇಲೆ ಹಾಕ್ಕೊಂಡಿಲ್ಲ. ಈಗ ಹೊಸದಾಗಿ ಏನಾಗಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅಂದಳು. ನಾವಿಬ್ಬರೂ ನಕ್ಕೆವು. ನಮ್ಮ ಮನೆಯಲ್ಲಿ ನಗುವುದು ಬಹಳ ಸುಲಭ.

ರಸ್ತೆಯ ಆ ಬದಿಯಲ್ಲಿ ನನ್ನ ಸೋದರಮಾವನ ಅಂಗಡಿ. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಒಂದು ಲ್ಯಾಪ್‌ಟಾಪು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲರೂ ಅವನನ್ನು ಸ್ಕ್ಯಾನರ್ ಅನ್ನುತ್ತಾರೆ. ಸರಿಯಾದ ವೈರು ಚುಚ್ಚಿ ಕೇಳಿದರೆ ಪ್ರಪಂಚದ ಯಾವ ಗಾಡಿಯೂ ಸುಳ್ಳು ಹೇಳುವುದಿಲ್ಲವೆಂದು ಅವನ ನಂಬಿಕೆ. ಅಪ್ಪನಿಗೂ ಅವನಿಗೂ ಹನ್ನೆರಡು ಅಡಿ ರಸ್ತೆಯಾಚೆಯಿಂದ ಮಾತುಕತೆ ನಡೆಯುವುದು ನನ್ನ ಮೂಲಕ. "ನಿನ್ನ ಮಾವನಿಗೆ ಹೇಳು", "ಭಾವನಿಗೆ ಹೇಳೇ". ನಾನು ಇಬ್ಬರ ಮಾತನ್ನೂ ಅರ್ಧ ತೊಳೆದು ಆಚೆ ದಾಟಿಸುತ್ತೇನೆ.

ಹೀಗಿರುವಾಗ ದನದ ಡಾಕ್ಟರ ಪಿಕಪ್ ಬಂತು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಸಿಗುವ ಗಾಡಿ, ಹಿಂದೆ ಔಷಧದ ದೊಡ್ಡ ಪೆಟ್ಟಿಗೆ. ಗುಡ್ಡದ ಮೇಲಿನ ಹಟ್ಟಿಗಳಿಗೆ ಅದು ಬಿಟ್ಟರೆ ಬೇರೆ ಏನೂ ಹತ್ತುವುದಿಲ್ಲ.

"ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತೆ. ಆಮೇಲೆ ಏರು ಬಂದ್ರೆ ಸಾಕು, ಶಕ್ತಿಯೇ ಇಲ್ಲ. ಮೊದಲನೇ ಗೇರ್‌ನಲ್ಲಿ ತೆವಳುತ್ತೆ. ದನ ಹೊಡ್ಕೊಂಡು ಹೋಗೋರು ನನ್ನ ಓವರ್‌ಟೇಕ್ ಮಾಡ್ತಾರೆ" ಅಂದರು ಡಾಕ್ಟರು. "ಅರ್ಧ ಗಂಟೆ ನಿಲ್ಲಿಸಿದ್ರೆ ತಾನೇ ಸರಿಹೋಗುತ್ತೆ."

ಅಪ್ಪ ಮುಚ್ಚಳ ತೆಗೆದು ಡೀಸೆಲ್ ನೋಡಿದ. ಬೇಕಾದಷ್ಟಿತ್ತು. ಸ್ಕ್ರೂಡ್ರೈವರ್ ಇಟ್ಟು ಕೇಳಿದ. "ಡೀಸೆಲ್ ಫಿಲ್ಟರ್" ಅಂದ. ಬದಲಾಯಿಸಿದೆ. ರೋಡ್ ಟೆಸ್ಟಿಗೆ ಹೋದರೆ ಗಾಡಿ ಹಾರುತ್ತಿತ್ತು. ಹತ್ತು ದಿನಕ್ಕೆ ವಾಪಸ್ ಬಂತು. ಅಪ್ಪ ಮುಚ್ಚಳ ತೆಗೆದು ನೋಡಿದ, ಕೇಳಿದ. "ಗಾಳಿ ತಳ್ಳೋ ಟರ್ಬೋ ಪೈಪಲ್ಲಿ ಸೀಳು. ಶಿಳ್ಳೆ ಹೊಡೀತಾ ಇದೆ" ಅಂದ. ನನಗೆ ಶಿಳ್ಳೆ ಕೇಳಿಸಲಿಲ್ಲ, ಪೈಪಿನಲ್ಲಿ ಸೀಳೂ ಕಾಣಲಿಲ್ಲ. ಆದರೆ ಕಿವಿ ಮೇಸ್ತ್ರಿ ಅವನು, ನಾನಲ್ಲ. ಪೈಪು ಬದಲಾಯಿಸಿದೆ. ಗಾಡಿ ಮತ್ತೆ ಹಾರಿತು. ಒಂದು ವಾರಕ್ಕೆ ಮತ್ತೆ ಬಂತು.

ಮೂರನೇ ಸಲ ಮಾವ ಕರೆಯದೇ ಬಂದ, ಕಂಕುಳಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿದ್ದವರೂ ಲೋಟ ಹಿಡಿದುಕೊಂಡೇ ಗೇಟಿನ ಹತ್ತಿರ ಬಂದು ನಿಂತರು. ಅಪ್ಪ ಮುಚ್ಚಳ ತೆಗೆದು ನೋಡಿ ಮುಚ್ಚುವವರೆಗೂ ಮಾವ ಅವರೊಡನೆ ಜೋರಾಗಿ ಹರಟುತ್ತಾ ಆಕಾಶ ನೋಡಿದ. ಆಮೇಲೆ ಸ್ಟಿಯರಿಂಗಿನ ಕೆಳಗೆ ವೈರು ಚುಚ್ಚಿ, ಪರದೆ ಓದಿ, "ಎಂಜಿನ್ನಿಗೆ ಹೋಗೋ ಡೀಸೆಲ್ಲಿನ ಒತ್ತಡ ಬಿದ್ದುಹೋಗಿದೆ. ಪಂಪು ಹೋಗಿದೆ ಅಂತ ಭಾವನಿಗೆ ಹೇಳೇ" ಅಂದ.

"ಈಗ ಎಷ್ಟಿದೆ ಕೇಳು" ಅಂದ ಅಪ್ಪ, ನಾನು ಸಂದೇಶ ಮುಟ್ಟಿಸಿದ ಮೇಲೆ.

ಮಾವ ಪರದೆ ನೋಡಿದ. "ಈಗ ಸರಿ ಇದೆ."

"ಹಾಗಿದ್ರೆ ನಿನ್ನ ಮಾವನ ಮೆಷಿನ್ನು ಹಳೇ ಪೇಪರ್ ಓದುತ್ತೆ" ಅಂದ ಅಪ್ಪ. ಬೆಂಚಿನವರು ನಕ್ಕರು.

ಮಾವನಿಗೆ ಉರಿಯಿತು. ಅಂಗಿಯ ತೋಳು ಸರಿಮಾಡಿಕೊಳ್ಳುತ್ತಾ ಅವರ ಕಡೆ ತಿರುಗಿ, ಮೆಲ್ಲಗೆ, "ನಮ್ಮ ಭಾವನಿಗೆ ಮೊದಲು ಕಿವಿ ಸ್ಕ್ಯಾನ್ ಮಾಡಿಸ್ಬೇಕು" ಅಂದ. ಈಗ ಇನ್ನೂ ಜೋರಾಗಿ ನಕ್ಕರು.

"ಏನಂದ?" ಎಂದು ಅಪ್ಪ ನನ್ನನ್ನು ಕೇಳಿದ.

"ಪಂಪೇ ಅಂತಾನೆ" ಅಂದೆ.

ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಮಾವನ ಮಾತಿಗೆ ನಗುತ್ತಾ ತನ್ನ ಕಿವಿ ಮುಟ್ಟಿ ತೋರಿಸಿದ್ದ ಟೀ ಅಂಗಡಿಯವನ ಕೈ ಇನ್ನೂ ಅಲ್ಲೇ ಇತ್ತು. ಅಪ್ಪ ಸ್ಕ್ರೂಡ್ರೈವರ್ ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ: "ಡೀಸೆಲ್ ಪೈಪಲ್ಲಿ ಗಾಳಿ ಎಳೀತಾ ಇದೆ. ಇವತ್ತು ಎಲ್ಲಾ ಪೈಪು ಬದಲಾಯಿಸ್ತೀವಿ. ಇದೇ ಕಂಪ್ಲೇಂಟಿಗೆ ಈ ಗಾಡಿ ನಾಲ್ಕನೇ ಸಲ ಈ ಗೇಟಿನೊಳಗೆ ಬಂದ್ರೆ ನಾನು ಇದನ್ನ ಕೆಳಗಿಡ್ತೀನಿ. ಮತ್ತೆ ಶೆಡ್ಡಿಗೆ ಕಾಲಿಡಲ್ಲ. ನಿನ್ನ ಮಾವನಿಗೇ ಕೊಟ್ಬಿಡು, ಟೀ ಕಲಕ್ಕೊಳ್ಳಲಿ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಸಂಜೆಯೊಳಗೆ ಮರೆಯುತ್ತಿದ್ದರು. ಆದರೆ ಎರವಲು ಕೊಟ್ಟ ಸ್ಪ್ಯಾನರ್ ಒಂದು ವಾಪಸ್ ಬರಲಿಲ್ಲವೆಂದು ತಮ್ಮನ ಮನೆಗೆ ಕಾಲಿಡುವುದಿಲ್ಲ ಎಂದಿದ್ದ ಅಪ್ಪ ಹನ್ನೊಂದು ವರ್ಷದಿಂದ ಕಾಲಿಟ್ಟಿಲ್ಲ. ಸ್ಪ್ಯಾನರ್ ಮಾರನೇ ದಿನವೇ, ಗಾಡಿಯ ಅಡಿ ನೋಡಲು ಇಳಿಯುವ ನಮ್ಮದೇ ಗುಂಡಿಯಲ್ಲಿ ಸಿಕ್ಕಿತ್ತು. ಮಾತಿಗೆ ತಪ್ಪದ ಮನುಷ್ಯರ ಜೊತೆ ಬದುಕುವುದು ಎಷ್ಟು ಕಷ್ಟವೆಂದು ಅವರನ್ನು ಹೊಗಳುವವರಿಗೆ ಗೊತ್ತಿರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಹೋಗಲು ಜಾಗವಿಲ್ಲದೆ ಮನೆಯಲ್ಲಿ ಕೂತ ಅಪ್ಪನನ್ನು ಊಹಿಸಿಕೊಂಡೆ. ಮೊದಲು ಅಮ್ಮನ ಮೇಲೆ ಕನಿಕರ ಬಂತು. ಆಮೇಲೆ ನಿಜವಾಗಿಯೂ ಹೆದರಿಕೆಯಾಯಿತು.

ಪೈಪುಗಳನ್ನೆಲ್ಲ ಬದಲಾಯಿಸಿದೆ. ಆದರೆ ಆ ಪೈಪುಗಳಲ್ಲಿ ಏನೂ ಆಗಿರಲಿಲ್ಲ. ಅದಕ್ಕೇ ಮಾರನೇ ದಿನ ಡಾಕ್ಟರು ಗುಡ್ಡದ ಕಡೆ ಹೊರಟಾಗ, "ಈ ಸಲ ರೋಡ್ ಟೆಸ್ಟು ಪೂರ್ತಿ ನಾನೇ ಮಾಡ್ತೀನಿ. ಸಂಜೆವರೆಗೂ ನಿಮ್ಮ ಜೊತೆಗಿರ್ತೀನಿ" ಎಂದು ಪಕ್ಕದ ಸೀಟಿನಲ್ಲಿ ಹತ್ತಿ ಕೂತೆ.

ಮೇಲಿನ ಹಟ್ಟಿಯಲ್ಲಿ ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಡಾಕ್ಟರು ದಾರಿಯುದ್ದಕ್ಕೂ ತಮ್ಮ ರೋಗಿಗಳ ಗುಣಗಾನ ಮಾಡಿದರು. ದನಗಳು ಎಲ್ಲಿ ನೋವೆಂದು ಹೇಳುವುದಿಲ್ಲ, ಆದರೆ ಸುಳ್ಳೂ ಹೇಳುವುದಿಲ್ಲ. ಮನುಷ್ಯರ ಡಾಕ್ಟರುಗಳಿಗೆ ಆ ಸುಖವಿಲ್ಲ, ಇತ್ಯಾದಿ. ನಲವತ್ತು ನಿಮಿಷ ಗಾಡಿ ಚೆನ್ನಾಗಿತ್ತು. ನಲವತ್ತೈದಕ್ಕೆ ಏರು ಶುರುವಾಯಿತು, ಗಾಡಿ ಸೊರಗಿತು. ಮೂರನೇ ಗೇರು, ಎರಡು, ಒಂದು. ಡಾಕ್ಟರು ಚಿಕ್ಕ ಲಿವರ್ ಎಳೆದು ನಾಲ್ಕು ಚಕ್ರಕ್ಕೂ ಹಾಕಿದರು. ನಾಲ್ಕಕ್ಕೂ ಹಂಚಲು ಶಕ್ತಿ ಇದ್ದರೆ ತಾನೇ?

ನಾನು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದೆ. ಕಪ್ಪು ಹೊಗೆ ಬಂದಿದ್ದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಹೊಗೆಯೇ ಇರಲಿಲ್ಲ. ಸಾಲದಿರುವುದು ಡೀಸೆಲ್ಲೇ. ಫಿಲ್ಟರ್ ಹೊಸದು, ಪೈಪು ಹೊಸದು, ಇನ್ನು ಪಂಪೇ ಇರಬೇಕು. ಅಂದರೆ ಮಾವ ಹೇಳಿದ್ದೇ ಸರಿ.

"ನಿಲ್ಸಿ. ಎಂಜಿನ್ ಆರಿಸ್ಬೇಡಿ" ಎಂದು ಇಳಿದೆ. ಇಳಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಕೈ ಮನೆಯ ಅಭ್ಯಾಸದ ಕಡೆಗೇ ಹೋಗುತ್ತದೆ. ಮೊದಲು ಡೀಸೆಲ್ ನೋಡು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಆ ಮುಚ್ಚಳ ತಿರುಗಿಸಿದೆ.

ಉಸ್ಸ್ಸ್ ಎಂದು ಟ್ಯಾಂಕು ಉಸಿರು ಎಳೆದುಕೊಂಡಿತು. ಎಂಜಿನ್ನು ಬಡಿದುಕೊಳ್ಳುತ್ತಿದ್ದರೂ ಆ ಸದ್ದು ಸ್ಪಷ್ಟವಾಗಿ ಕೇಳಿಸಿತು. ಐದಾರು ಎಣಿಸುವವರೆಗೂ ಎಳೆಯಿತು. ಆಮೇಲೆ ಒಳಗಿನ ತಗಡು ಟಣ್ ಎಂದು ತನ್ನ ಜಾಗಕ್ಕೆ ಮರಳಿತು, ಎಂಜಿನ್ನಿನ ದನಿ ಬದಲಾಯಿತು. ಡಾಕ್ಟರು ಆಕ್ಸಿಲರೇಟರ್ ಒತ್ತಿದರೆ ಗಾಡಿ ನಿಂತಲ್ಲೇ ಗರ್ಜಿಸಿತು.

ಮುಚ್ಚಳ ತಿರುಗಿಸಿ ಒಳಮೈ ನೋಡಿದೆ. ಅಲ್ಲಿ ಸೂಜಿ ತೂರುವಷ್ಟು ಒಂದು ತೂತಿರಬೇಕು. ಡೀಸೆಲ್ ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಹೋಗಲಿ ಅಂತ. ಹೋಗದಿದ್ದರೆ ಟ್ಯಾಂಕು ಡೀಸೆಲ್ಲನ್ನು ಪಂಪಿಗೆ ಬಿಡದೆ ಒಳಗೇ ಹಿಡಿದುಕೊಳ್ಳುತ್ತದೆ. ತೂತಿನ ಮೇಲೆ ದಪ್ಪ ಕಪ್ಪು ರಬ್ಬರು ಕೂತಿತ್ತು, ಕಂಪನಿಯವರೇ ಹಾಕಿದ್ದಾರೆ ಅನ್ನುವಷ್ಟು ದುಂಡಗೆ, ನೀಟಾಗಿ. ಕಣ್ಣಿಗೆ ಯಾವ ಅನುಮಾನವೂ ಬರುವಂತಿರಲಿಲ್ಲ. ಉಗುರು ಹಾಕಿದಾಗ ಅಂಚಿನಲ್ಲಿ ಗೋಂದು ಸಿಕ್ಕಿತು.

"ಇದೇನು ಡಾಕ್ಟ್ರೇ?"

"ಓ ಅದಾ?" ಡಾಕ್ಟರ ಮುಖ ಅರಳಿತು. "ನಾನೇ ಮಾಡಿದ್ದು. ಏರಿನಲ್ಲಿ ಡೀಸೆಲ್ ತುಳುಕಿ ಔಷಧದ ಪೆಟ್ಟಿಗೆಗೆಲ್ಲ ವಾಸನೆ. ಆ ವಾಸನೆಗೆ ಹಸುಗಳು ನನ್ನ ಹತ್ತಿರಕ್ಕೇ ಸೇರಿಸ್ತಿರಲಿಲ್ಲ. ಸತ್ತ ದನ ಕೊಯ್ದು ನೋಡುವಾಗ ಹಾಕ್ಕೊಳ್ಳೋ ದಪ್ಪ ಕೈಗವಸು ಇರುತ್ತಲ್ಲ, ಅದನ್ನ ಬ್ಲೇಡಲ್ಲಿ ದುಂಡಗೆ ಕತ್ತರಿಸಿ ಅಂಟಿಸ್ದೆ. ಎರಡು ತಿಂಗಳಾಯ್ತು, ಒಂದು ಹನಿ ತುಳುಕಿಲ್ಲ. ಮುಚ್ಚಳ ತೆಗೆದಾಗ ಉಸ್ ಅನ್ನುತ್ತಲ್ಲ, ಎಷ್ಟು ಬಿಗಿಯಾಗಿ ಕೂತಿದೆ ಅನ್ನೋಕೆ ಅದೇ ಸಾಕ್ಷಿ."

ಎರಡು ತಿಂಗಳು. ಗಾಡಿಯ ಕಾಯಿಲೆಗೂ ಸರಿಯಾಗಿ ಎರಡು ತಿಂಗಳು. ಡಾಕ್ಟರು ತಮ್ಮ ಗಾಡಿಯ ಮೂಗು ತಾವೇ ಹೊಲಿದು, ಅದಕ್ಕೆ ಉಸಿರಾಟದ ತೊಂದರೆಯೆಂದು ನಮ್ಮ ಹತ್ತಿರ ತಂದಿದ್ದರು. ಮೂರು ಸಲವೂ ಅಪ್ಪ ಮೊದಲು ಮುಚ್ಚಳ ತೆಗೆದು ಡೀಸೆಲ್ ನೋಡಿದ್ದ. ಆ ಕ್ಷಣಕ್ಕೇ ಗಾಡಿ ವಾಸಿಯಾಗಿತ್ತು. ಆಮೇಲೆ ನಾವು ಆರೋಗ್ಯವಾಗಿದ್ದ ಗಾಡಿಗೆ ಫಿಲ್ಟರು, ಪೈಪು ಎಂದು ಆಪರೇಷನ್ ಮಾಡಿದ್ದೆವು. ಮಾವನ ಮೆಷಿನ್ನೂ ಅಷ್ಟೇ, ಕಾಯಿಲೆ ಹೋದ ಮೇಲೆ ನಾಡಿ ಹಿಡಿದಿತ್ತು. ನಾನು ನಡುರಸ್ತೆಯಲ್ಲಿ ನಿಂತು ಜೋರಾಗಿ ನಕ್ಕೆ.

ನಗುವಾಗಲೇ ಡಾಕ್ಟರು ಕೇಳಿದರು, "ನಿಮ್ಮಪ್ಪನೂ ಇದನ್ನ ಮೂರು ಸಲ ತೆಗೆದಿದ್ರಲ್ಲಮ್ಮ? ಅವರಿಗೆ..."

ಅಷ್ಟಕ್ಕೇ ನಿಲ್ಲಿಸಿ ಅವರು ಸ್ಟಿಯರಿಂಗ್ ನೋಡತೊಡಗಿದರು. ನನ್ನ ನಗು ನಿಂತುಹೋಯಿತು.

ಮೂರು ಸಲ. ಮುಖ ಕೊಟ್ಟು, ಗೇಣು ದೂರದಲ್ಲಿ. ಇಂಜೆಕ್ಟರು ಕೆಮ್ಮಿದ್ದನ್ನು ಕಣ್ಣು ಮುಚ್ಚಿ ಹಿಡಿಯುವ ಅಪ್ಪನ ಮೂಗಿನ ಕೆಳಗೇ ಇಡೀ ಟ್ಯಾಂಕು ಉಸಿರು ಎಳೆದಿದೆ. ಅವನು ಡೀಸೆಲ್ ಬೇಕಾದಷ್ಟಿದೆಯೆಂದು ತೃಪ್ತಿಯಿಂದ ತಲೆಯಾಡಿಸಿ ಮುಚ್ಚಿದ್ದಾನೆ. ಟೀವಿ, ಮೂರು ಫೋನು, ಕಿವಿಯ ಹಿಂದಿನ ಮೂಳೆ, ಇಲ್ಲದ ಶಿಳ್ಳೆ ಎಲ್ಲ ಒಟ್ಟಿಗೆ ನೆನಪಾಯಿತು. ಇವನ್ನೆಲ್ಲ ನೋಡಿಯೂ ನಾನು ಜೋಕು ಮಾಡಿಕೊಂಡೇ ಕಾಲ ಕಳೆದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೇಲಿನ ಹಟ್ಟಿಯಲ್ಲಿ ಡಾಕ್ಟರು ಭುಜದವರೆಗೂ ಕೈ ಹಾಕಿ ಕರುವನ್ನು ತಿರುಗಿಸಿ ಎಳೆದರು. ಬದುಕಿತ್ತು. ಹಸು ಅದನ್ನು ನೆಕ್ಕುವುದನ್ನು ನೋಡುತ್ತಾ ನಾನು ಲೆಕ್ಕ ಹಾಕುತ್ತಿದ್ದೆ. ರಬ್ಬರು ಕಿತ್ತು ಬಿಸಾಡಿದರೆ ಗಾಡಿ ಇನ್ನು ಬರುವುದಿಲ್ಲ, ಅಪ್ಪನ ಮಾತು ಉಳಿಯುತ್ತದೆ. ಪೈಪೇ ಕಾರಣವೆಂದು ಅವನು ಸಾಯುವವರೆಗೂ ಹೇಳಿಕೊಂಡು ತಿರುಗುತ್ತಾನೆ. ಮುಂದಿನ ಗಾಡಿಯಲ್ಲೂ ಇಲ್ಲದ ಶಿಳ್ಳೆ ಕೇಳಿಸಿಕೊಳ್ಳುತ್ತಾನೆ. ಅದು ಬ್ರೇಕಿನ ವಿಷಯವಾಗಿದ್ದರೆ?

ವಾಪಸ್ ಹೊರಡುವಾಗ, "ಡಾಕ್ಟ್ರೇ, ರಬ್ಬರು ಹಾಗೇ ಇರಲಿ. ಮುಚ್ಚಳ ಬಿಗಿಯಾಗಿ ಹಾಕಿ" ಅಂದೆ.

"ಗುಣವಾದ ರೋಗಿಗೆ ಮತ್ತೆ ರೋಗ ಅಂಟಿಸೋದಾ?" ಅಂದರು. ಆದರೆ ಬಿಗಿಯಾಗಿಯೇ ಹಾಕಿದರು. ದಾರಿಯಲ್ಲಿ ದನಗಳ ವಿಷಯ ಎತ್ತಲಿಲ್ಲ.

ನಮ್ಮ ಶೆಡ್ಡಿನ ಹತ್ತಿರದ ಕೊನೆಯ ಏರಿಗೆ ಬರುವಷ್ಟರಲ್ಲಿ ಗಾಡಿ ಮತ್ತೆ ತೆವಳುತ್ತಿತ್ತು. ಗೇಟಿನೊಳಗೆ ತಿರುಗುವುದನ್ನು ನೋಡಿ ಟೀ ಅಂಗಡಿಯ ಬೆಂಚು ಎದ್ದು ನಿಂತಿತು. ಮಾವ ಗಾಜಿನ ಬಾಗಿಲು ತೆರೆದು ಹೊರಬಂದು ನಾಲ್ಕು ಬೆರಳು ಎತ್ತಿ ತೋರಿಸಿದ.

"ಇದು ನಾಲ್ಕನೇದಲ್ಲ" ಎಂದು ಇಳಿಯುವ ಮೊದಲೇ ಕೂಗಿದೆ. "ಮೂರನೇ ಸಲದ ರೋಡ್ ಟೆಸ್ಟೇ ಇನ್ನೂ ಮುಗಿದಿಲ್ಲ. ಟೆಸ್ಟ್ ಮುಗಿಯೋವರೆಗೂ ಗಾಡಿ ನಮ್ಮದೇ."

"ಇದ್ಯಾವ ಕಾನೂನೇ?" ಅಂದ ಮಾವ.

"ನಮ್ಮ ಶೆಡ್ಡಿಂದು. ಬೇಕಿದ್ರೆ ನಿನ್ನ ಮೆಷಿನ್ನಲ್ಲಿ ಓದ್ಕೋ."

ಅಪ್ಪ ಶೆಡ್ಡಿನೊಳಗೆ ಆಗಲೇ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸುತ್ತಿದ್ದ. ಕೆಲಸಕ್ಕೆ ತೆಗೆದುಕೊಳ್ಳುವವನ ಹಾಗಲ್ಲ, ಕಟ್ಟಿ ಇಡುವವನ ಹಾಗೆ. ನಾನು ಹತ್ತಿರ ಹೋಗಿ, ಅವನಿಗೆ ನನ್ನ ಬಾಯಿ ಕಾಣುವಂತೆ ನಿಂತು ಹೇಳಿದೆ, "ಅಪ್ಪಾ, ಒಂದು ಜಾಗ ನೀನು ಕೇಳಿಲ್ಲ."

"ಯಾವುದು?"

"ಟ್ಯಾಂಕು."

"ಟ್ಯಾಂಕಲ್ಲಿ ಕೇಳೋಕೆ ಏನಿದೆ? ನೋಡಿದ್ರೆ ಸಾಕು."

"ಒಂದು ಸಲ ಕೇಳು."

ಬೈದುಕೊಂಡೇ ಬಂದ. ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಂಕಿನ ತಗಡಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕಣ್ಣು ಮುಚ್ಚಿದ. ಎಂಜಿನ್ನು ಓಡುತ್ತಲೇ ಇತ್ತು. ನಾನು ಮುಚ್ಚಳ ತಿರುಗಿಸಿದೆ.

ಉಸ್ಸ್ಸ್. ಅಪ್ಪನ ಹುಬ್ಬು ಮೇಲೆ ಹೋಯಿತು. ತಗಡು ಟಣ್ ಎಂದಾಗ ಬೆಚ್ಚಿದ. ಕಣ್ಣು ತೆರೆಯದೆ ಹೇಳಿದ, "ಉಸಿರು ಕಟ್ಟಿತ್ತು. ಮುಚ್ಚಳದ ತೂತು ಮುಚ್ಚಿದೆ." ಆಮೇಲೆ ಕಣ್ಣು ತೆರೆದು, ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡು, ರಬ್ಬರಿನ ಅಂಚಿಗೆ ಉಗುರು ಹಾಕಿ ಸರ್ರನೆ ಕಿತ್ತ. "ಯಾವ ಬುದ್ಧಿವಂತನ ಕೆಲಸ ಇದು?"

ಬುದ್ಧಿವಂತರು ಔಷಧದ ಪೆಟ್ಟಿಗೆಯ ಹಿಂದೆ ಸರಿದರು. ಮಾವ ಬಂದು ರಬ್ಬರನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ನಡುವೆ ಸೇರಿಸದೆ, "ಒಪ್ಪಿದೆ ಭಾವ" ಅಂದ. ಅಪ್ಪ ಅತ್ತ ತಿರುಗಲಿಲ್ಲ. ಅಪ್ಪನದು ಸೊಕ್ಕು ಎಂದುಕೊಂಡು ಮಾವ ರಸ್ತೆ ದಾಟಿ ಹೋದ. ಸೊಕ್ಕಲ್ಲವೆಂದು ನನಗೆ ಗೊತ್ತಾಯಿತು. ಮಾವ ಹೇಳಿದ್ದು ಹಿಂದಿನಿಂದ.

ಬೆಂಚಿನವರು ಚದುರಿದರು. ಡಾಕ್ಟರು ಗಾಡಿ ತೆಗೆದುಕೊಂಡು ಹೋದರು. ಅಪ್ಪ ಮಾತ್ರ ಟ್ಯಾಂಕು ಇದ್ದ ಜಾಗದಲ್ಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

"ನಿನಗೆ ಅದು ಹಾಗೇ ಕೇಳಿಸ್ತಾ?" ಅಂದ. "ಸ್ಕ್ರೂಡ್ರೈವರ್ ಇಲ್ದೆ?"

ಸುಳ್ಳು ಹೇಳಬಹುದಿತ್ತು. "ಹೂಂ" ಅಂದೆ.

"ಎಷ್ಟು ದೂರಕ್ಕೆ?"

ನಾನು ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ. ಅಪ್ಪ ನೋಡುತ್ತಲೇ ಇದ್ದ. ಇನ್ನೆರಡು ಹೆಜ್ಜೆ ಹೋದೆ. ಅವನು ಕಣ್ಣು ತೆಗೆಯಲಿಲ್ಲ. ಕೊನೆಗೆ ಗೇಟಿನವರೆಗೂ ಹೋಗಿ ನಿಂತೆ, ಏಕೆಂದರೆ ನಾನು ಮುಚ್ಚಳ ತೆಗೆದಾಗ ಗೇಟಿನಲ್ಲಿದ್ದ ಟೀ ಅಂಗಡಿಯವನೂ ತಿರುಗಿ ನೋಡಿದ್ದ. ಅಪ್ಪ ಟ್ಯಾಂಕಿದ್ದ ಜಾಗದಿಂದ ನನ್ನವರೆಗಿನ ನೆಲವನ್ನು ಕಣ್ಣಲ್ಲೇ ಅಳೆದ. ಬಹಳ ಹೊತ್ತು ಅಳೆದ.

ಆಮೇಲೆ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತದೆ ಎಂದಿನ ಮೊಳೆಗೇ ತಗುಲಿಹಾಕಿದ. ಗೋಡೆಯ ಮೇಲಿನ ಮೂರು ಪದಗಳ ಕಡೆ ಒಮ್ಮೆ ನೋಡಿದ.

"ನಾಳೆಯಿಂದ ಮುಚ್ಚಳ ನೀನೇ ತೆಗಿ" ಅಂದ.

"ಆಯ್ತಪ್ಪಾ!" ಅಂದೆ, ಅವನಿಗೆ ಕೇಳಿಸಲೆಂದು ಗೇಟಿನಿಂದಲೇ ಕೂಗಿ.

ಅಪ್ಪ ರಸ್ತೆಯಾಚೆಯ ಗಾಜಿನ ಬಾಗಿಲನ್ನು ನೋಡಿದ. ಬಾಯಿಗೆ ಬೆರಳಿಟ್ಟು, "ಮೆಲ್ಲಗೆ ಹೇಳೇ" ಅಂದ. "ನಿನ್ನ ಮಾವನಿಗೆ ಕೇಳಿಸುತ್ತೆ."